ಒಂದು ಗೇಣು ಕಮ್ಮಿ

"ಕಾಲು ಹಿಡಿಸ್ತಿಲ್ಲ ಅತ್ತಿಗೆ," ಎಂದು ಗಾರೆಮೇಸ್ತ್ರಿ ಹೆಣದ ಮಂಡಿಯಿಂದ ಕೈ ತೆಗೆದ. ಬಡಗಿ ತನಗಾಗಿ ತಾನೇ ಮಾಡಿಟ್ಟುಕೊಂಡಿದ್ದ ಪೆಟ್ಟಿಗೆ ಎತ್ತರವಾಗಿತ್ತು, ಉದ್ದ ಮಾತ್ರ ಒಂದು ಗೇಣು ಕಮ್ಮಿ. "ಊರಿಗೆಲ್ಲ ಅಳತೆ ಹೇಳ್ಕೊಟ್ಟೋನು ತನ್ನದನ್ನೇ ತಪ್ಪಿದ್ದಾನೆ ನೋಡಿ."

"ನೆಟ್ಟಗೆ ಮಾಡಬೇಡಿ. ಮಂಡಿ ಮಡಿಸಿದ ಹಾಗೇ ಇರಲಿ," ಎಂದಳು ಬಡಗಿಯ ಹೆಂಡತಿ. ಉಸಿರು ನಿಂತ ಕೂಡಲೇ ಮಂಡಿಯ ಕೆಳಗೆ ದಿಂಬು ಕೊಟ್ಟವಳು ಅವಳೇ.

*

ವರ್ಷಗಳ ಹಿಂದೆ ಊರಿನಲ್ಲಿ ಕಟ್ಟಿದ ಚರ್ಚಿನ ನಕ್ಷೆಯಲ್ಲಿ ಒಂದು ನೇರ ಗೆರೆ ಬೇಕೆಂದರೂ ಇರಲಿಲ್ಲ. ಬಸವನಹುಳುವಿನ ಚಿಪ್ಪಿನಂತೆ ಗೋಡೆ ಸುತ್ತಿಕೊಂಡು ಒಳಗೆ ಹೋಗಬೇಕು, ಒಳಹೋಗಲು ಅದೊಂದೇ ದಾರಿ ಎಂದಿದ್ದ ವಾಸ್ತುಶಿಲ್ಪಿ. ಕಾಂಕ್ರೀಟಿಗೆ ಮರದ ಅಚ್ಚು ಕಟ್ಟುವ ಕೆಲಸ ಬಡಗಿಯದು. ಗೂಟಕ್ಕೆ ಹಗ್ಗ ಕಟ್ಟಿ ನೆಲದ ಮೇಲೆ ತಿರುವು ಎಳೆದ. ಹಿಂದಿನ ದಿನದ ಮಳೆಗೆ ಹಗ್ಗ ನೆಂದು ಕುಗ್ಗಿತ್ತೆಂದು ಹೊಳೆದದ್ದು ಅಚ್ಚು ಬಿಚ್ಚಿದ ಮೇಲೆ. ದಾರಿ ಒಂದು ಗೇಣು ಇಕ್ಕಟ್ಟಾಗಿತ್ತು. ವಾಸ್ತುಶಿಲ್ಪಿ ಗೋಡೆ ಸವರಿ, "ಜೀವ ಇರೋ ಹಾಗಿದೆ," ಎಂದು ಖುಷಿಪಟ್ಟ.

"ಹೇಳ್ಬಿಡ್ತೀನಿ ಕಣೆ," ಎಂದ ಬಡಗಿ, ಮನೆಗೆ ಬಂದು.

"ಹೇಳಿದ್ರೆ ಒಡೆಸ್ತಾರೆ. ಆಮೇಲೆ ನಿಮ್ಮನ್ನ ಯಾರು ಕೆಲಸಕ್ಕೆ ಕರೀತಾರೆ? ಸುಮ್ನಿರಿ."

ಅಲ್ಲಿಗೆ ಬಂದ ಮೊದಲ ಶವ ಸಣ್ಣ ವಯಸ್ಸಿನ ಹೆಂಗಸಿನದು. ಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಂಡಿತು. ನೆಟ್ಟಗೆ ನಿಲ್ಲಿಸಿ ತಿರುಗಿಸಿದರು. ಒಳಗೆ ಹೆಣ ಜಾರಿ ಧಡಕ್ಕೆಂದಿತು. ಹಿಂದೆ ಬರುತ್ತಿದ್ದ ತಾಯಿಗೆ ಕೇಳಿಸಿತು. ಅಂದಿನಿಂದ, ಕರೆಯಲಿ ಬಿಡಲಿ, ಬಡಗಿ ಪ್ರತಿ ಶವಕ್ಕೂ ಹೋಗಿ ಹೆಗಲು ಕೊಡುತ್ತಿದ್ದ. ಎಷ್ಟು ಮೆಲ್ಲಗೆ ಎತ್ತಿಸಿದರೂ ಆ ಸದ್ದು ತಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಅವಳಿಗೂ ಅಷ್ಟೇ.

*

ತಿರುವು ಬಂತು. ಬಡಗಿಯ ಪೆಟ್ಟಿಗೆ ಹೊತ್ತವರು ರೂಢಿಯಂತೆ ನಿಂತರು.

"ತಲೆ ಕಡೆ ಎತ್ರಪ್ಪ," ಎಂದ ಗಾರೆಮೇಸ್ತ್ರಿ.

"ಎತ್ತಬೇಡಿ. ಹಾಗೇ ನಡೀರಿ," ಎಂದಳು ಬಡಗಿಯ ಹೆಂಡತಿ.

"ಹೋಗಲ್ಲ ಅತ್ತಿಗೆ. ಈ ಗೋಡೆ ನಿಮಗೆ ಗೊತ್ತಿಲ್ಲ."

"ಗೊತ್ತು. ಹಗ್ಗ ನೆಂದಿತ್ತು. ಅವರು ಹೇಳ್ತೀನಿ ಅಂದ್ರು, ನಾನೇ ಬಿಡಲಿಲ್ಲ."

ಗಾರೆಮೇಸ್ತ್ರಿ ಗೋಡೆ ನೋಡಿದ, ಪೆಟ್ಟಿಗೆ ನೋಡಿದ. ಹೆಗಲು ಸರಿಮಾಡಿಕೊಂಡ.

ಆರು ಜನ ಹೆಜ್ಜೆ ಎತ್ತಿದರು. ಪೆಟ್ಟಿಗೆ ಮಲಗಿದ ಹಾಗೆಯೇ ತಿರುಗಿತು. ಹಲಗೆಗೂ ಗೋಡೆಗೂ ನಡುವೆ ಉಳಿದ ನಾಲ್ಕು ಬೆರಳಿನ ಸಂದಿಯಲ್ಲಿ ಕೈಯಿಟ್ಟು, ಕಿವಿಗೊಟ್ಟು, ಅವಳು ಜೊತೆಗೆ ನಡೆದಳು. ಒಳಗಿನಿಂದ ಏನೂ ಸದ್ದಾಗಲಿಲ್ಲ.