ಮುದ್ದೆಯಿಲ್ಲದ ಹಸಿರು ಸಾರು

ಹನುಮಂತಪ್ಪನ ಕಾಲ್ಬೆರಳಿನ ಹುಣ್ಣು ಎಷ್ಟು ದಿನವಾದರೂ ಮಾಯಲಿಲ್ಲ. ದಾವಣಗೆರೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಅಂದರು. ಮಾತ್ರೆ ಬರೆದುಕೊಟ್ಟು, ಅವನ ಹೆಂಡತಿ ಅಂಜಮ್ಮನ ಕಡೆ ತಿರುಗಿ, "ಮುದ್ದೆ, ಅನ್ನ, ಬೆಲ್ಲ ಎಲ್ಲಾ ಬಂದ್. ಕೋಳಿ, ಮೊಟ್ಟೆ, ಸೊಪ್ಪು ತಿನ್ನಲಿ. ಸಕ್ಕರೆ ಇಳಿಯದಿದ್ದರೆ ಬೆರಳು ಹೋಗುತ್ತೆ, ಆಮೇಲೆ ಪಾದ" ಎಂದರು. ನ್ಯಾಮತಿಯಲ್ಲಿ ಸೈಕಲ್ ಶಾಪ್ ಇಟ್ಟುಕೊಂಡು, ದಿನವಿಡೀ ನಿಂತು ಪಂಪು ಹೊಡೆಯುವವನಿಗೆ ಪಾದ ಹೋದರೆ ಇನ್ನೇನು ಉಳಿಯಿತು? ಬಸ್ಸಿನಲ್ಲಿ ವಾಪಸು ಬರುವಾಗ ಅಂಜಮ್ಮ ಗಂಡನ ಕಾಲನ್ನೇ ನೋಡುತ್ತ ಕೂತಿದ್ದಳು.

ಮುದ್ದೆ ಬಿಡಿಸುವುದೆಂದರೆ ಹುಡುಗಾಟವೇ? ಈ ಕಡೆಯ ಸಾರು ಹುಟ್ಟಿರುವುದೇ ಮುದ್ದೆಗಾಗಿ. ಬರೀ ಸಾರು ಕುಡಿ ಎಂದರೆ ಖಾರಕ್ಕೆ ಎಂಥ ಗಂಡಸೂ ಎದ್ದು ನೀರಿಗೆ ಓಡುತ್ತಾನೆ. ಅಂಜಮ್ಮ ತಲೆ ಕೆಡಿಸಿಕೊಂಡು ಕೂತಿದ್ದಾಗ ಅವಳ ತಮ್ಮ ತಿಪ್ಪೇಶಪ್ಪ ರಜೆಗೆ ಬಂದ. ಅವನು ಬೊಂಬಾಯಿಯಿಂದ ಹೊರಡುವ ಸರಕಿನ ಹಡಗಿನಲ್ಲಿ ಅಡುಗೆಯವನು.

"ಅಕ್ಕಾ, ಥಾಯ್ಲೆಂಡಿನಾಗೆ ಹಸಿರು ಕೋಳಿಸಾರು ಅಂತ ಮಾಡ್ತಾರೆ, ತೆಂಗಿನಹಾಲಿಂದು. ಅವ್ರು ಅನ್ನಕ್ಕೆ ಹಾಕ್ಕೊಂತಾರೆ, ಆದ್ರೆ ಬಟ್ಲಾಗೆ ಹಂಗೇ ಕುಡಿಯಾಕೂ ಚೆನ್ನಾಗಿರ್ತೈತೆ" ಎಂದ.

ಅಕ್ಕತಮ್ಮ ಸೇರಿ ಒಲೆಯ ಮುಂದೆ ಕೂತರು. ಕೊತ್ತಂಬರಿಯನ್ನು ಬೇರು ಸಮೇತ ತೊಳೆದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಒಂದಿಷ್ಟು ಹಾಕಿ ಒರಳಲ್ಲಿ ನುಣ್ಣಗೆ ರುಬ್ಬಿದರು. ಹಿತ್ತಲ ಸುಂಡೆಕಾಯಿ ಕೋಳಿಯ ಜೊತೆ ಬೆಂದಿತು. ಕೊನೆಗೆ ತೆಂಗಿನಹಾಲು, ಮೇಲೆ ನಿಂಬೆ ಎಲೆ. ಅಲ್ಲಿಯವರು ಮೀನಿನ ರಸ ಹಾಕುತ್ತಾರಂತೆ, ಇಲ್ಲಿ ಉಪ್ಪೇ ಗತಿ. ಹನುಮಂತಪ್ಪ ಒಂದು ಬಟ್ಟಲು ಕುಡಿದು ಇನ್ನೊಂದು ಕೇಳಿದ. ಮುದ್ದೆಯ ಮಾತೇ ಎತ್ತಲಿಲ್ಲ. ಅಂಜಮ್ಮನಿಗೆ ಗೆದ್ದೆ ಅನ್ನಿಸಿತು, ಪಾಪ.

ಅಷ್ಟರಲ್ಲಿ ಅತ್ತೆ ಮೂಕಮ್ಮ ಬಟ್ಟಲುಗಳನ್ನು ಸಾಲಾಗಿ ಜೋಡಿಸಿದಳು. ಹೆಸರಷ್ಟೇ ಮೂಕಮ್ಮ. "ಕೋಳಿ ಕುಯ್ದ ಮನಿ ಕಣೇ. ಅಕ್ಕಪಕ್ಕದೋರಿಗೆ ಸಾರು ಕೊಡದೆ ಉಂಡ್ರೆ ಗಂಟಲಾಗೆ ಇಳಿತೈತೇನು?"

ಸಾರು ಹೋಯಿತು. ಬಟ್ಟಲುಗಳು ತಿರುಗಿ ಬಂದವು. ಬಂದ ಬಟ್ಟಲನ್ನು ಬರಿದಾಗಿ ಕಳಿಸುವ ಹೆಂಗಸು ಆ ಬೀದಿಯಲ್ಲೇ ಇರಲಿಲ್ಲ. ಒಂದರಲ್ಲಿ ಬಿಸಿ ಮುದ್ದೆ, ಒಂದರಲ್ಲಿ ಅನ್ನ, ಮತ್ತೊಂದರಲ್ಲಿ ಎರಡು ಹೋಳಿಗೆ. ಮೂಕಮ್ಮ ಮುದ್ದೆಯನ್ನು ಮಗನ ತಟ್ಟೆಗೇ ಇಟ್ಟಳು. ಕೊಟ್ಟಿದ್ದನ್ನು ಎಸೆಯಲಾಗುತ್ತದೆಯೇ? ಹನುಮಂತಪ್ಪ ಹೆಂಡತಿಯ ಮುಖ ನೋಡದೆ ಮುರಿದು ಅದ್ದಿಕೊಂಡ.

ತಿಪ್ಪೇಶಪ್ಪ ಹಡಗಿಗೆ ಹೋದ ಮೇಲೂ ವಾರಕ್ಕೆರಡು ಸಲ ಹಸಿರು ಸಾರು, ವಾರಕ್ಕೆರಡು ಸಲ ಇದೇ ಕಥೆ. ಅಂಜಮ್ಮ ನಾಚಿಕೆ ಬಿಟ್ಟು ಪಕ್ಕದ ಮನೆಯ ಅಜ್ಜಮ್ಮನ ಹತ್ತಿರ ಹೋಗಿ ಕೈ ಮುಗಿದಳು.

"ಮುದ್ದೆ ಮಾತ್ರ ಕಳಿಸಬ್ಯಾಡ್ರಿ. ಸಕ್ಕರೆ ಕಾಯಿಲೆ ಐತೆ."

"ನಾನೇನು ಸಕ್ಕರೆ ಹಾಕಿ ಮುದ್ದೆ ಮಾಡ್ತೀನೇನವ್ವ?" ಅಜ್ಜಮ್ಮನಿಗೆ ನಿಜವಾಗಿಯೂ ನೋವಾಗಿತ್ತು. "ರಾಗಿ ತಂಪು. ಮುದ್ದೆ ಇಲ್ದೆ ಹುಣ್ಣು ಮಾಯಾಕೆ ಶಕ್ತಿ ಎಲ್ಲಿಂದ ಬರ್ತೈತೆ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮುಂದಿನ ಸಲ ಅಂಜಮ್ಮ ಸಾರನ್ನೇ ಕಳಿಸಲಿಲ್ಲ. ಆವತ್ತು ಮೂಕಮ್ಮ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಯಜಮಾನ ಕಾಯಿಲೆ ಬಿದ್ದು ಅಡುಗೆಗೂ ಕಷ್ಟವಾಗಿರಬೇಕು ಎಂದುಕೊಂಡ ಬೀದಿಯವರು ಸಾರಿನ ಬಟ್ಟಲಿಗೆ ಕಾಯದೆ ತಾವಾಗಿಯೇ ಮುದ್ದೆ ಹಿಡಿದುಕೊಂಡು ಬಂದರು. ಎಲ್ಲರೂ ಒಳ್ಳೆಯವರೇ. ಅಂಜಮ್ಮನಿಗೆ ಒಳ್ಳೆಯವರನ್ನು ಕಂಡರೆ ಅಳು ಬರುವಂತಾಯಿತು. "ನೀವಾದ್ರೂ ಒಲ್ಲೆ ಅನ್ರಿ" ಎಂದು ಗಂಡನ ಮೇಲೆ ರೇಗಿದಳು.

"ಬಾಗಿಲಿಗೆ ಬಂದೋರಿಗೆ ಹೆಂಗೆ ಒಲ್ಲೆ ಅನ್ನಲೇ?" ಎಂದ ಅವನು, ಬಹಳ ಮೆತ್ತಗೆ.

ಬೆರಳು ಕಪ್ಪಾಯಿತು. ಡಾಕ್ಟರು ಕಾಲು ನೋಡಿ, ಬೆರಳಿಗೆ ಮುಗಿಯುವುದಿಲ್ಲ, ಪಾದ ತೆಗೆಯಬೇಕು, ಸೋಮವಾರ ಬಂದು ಸೇರಿಕೊಳ್ಳಿ ಎಂದರು.

ಭಾನುವಾರ ಮಧ್ಯಾಹ್ನ ಅಂಜಮ್ಮ ಕೋಳಿ ತರಿಸಿ ಹಸಿರು ಸಾರು ಮಾಡಿದಳು. ಯಾಕೆ ಮಾಡಿದಳೋ ಅವಳಿಗೇ ಗೊತ್ತಿಲ್ಲ, ಕೈ ಸುಮ್ಮನಿರಲಿಲ್ಲ. ಹನುಮಂತಪ್ಪ ಬಟ್ಟೆ ಸುತ್ತಿದ ಕಾಲು ಚಾಚಿ ಗೋಡೆಗೊರಗಿ ಕೂತ. ಬಟ್ಟಲು ಮುಂದಿಟ್ಟರೂ ಮುಟ್ಟಲಿಲ್ಲ.

"ಅಂಜೀ, ಇವತ್ತೊಂದಿನ ನಿನ್ ಕೈಯಾಗಿನ ಮುದ್ದೆ ಉಣ್ತೀನಿ. ಊರೋರ ಮುದ್ದೆ ಉಂಡೆ, ನಿಂದು ಮಾತ್ರ ಇಲ್ಲ" ಎಂದ. ಅವನ ಕಣ್ಣು ತುಂಬಿತ್ತು.

ಅಂಜಮ್ಮನಿಗೆ ಕೂಗಾಡಬೇಕೆನಿಸಿತು. ಅವನ ಮೇಲೆ, ಅತ್ತೆಯ ಮೇಲೆ, ಇಡೀ ಬೀದಿಯ ಮೇಲೆ. ಆದರೆ ಒಳಗೆ ಹೋಗಿ ಎಸರಿಟ್ಟಳು, ಹಿಟ್ಟು ಸುರಿದು ಕೋಲಿನಿಂದ ತಿರುವಿದಳು, ಸುಡುವುದನ್ನೂ ಲೆಕ್ಕಿಸದೆ ಅಂಗೈಯಲ್ಲಿ ಕಟ್ಟಿ ತಂದು ತಟ್ಟೆಗಿಟ್ಟಳು. ಅವನು ಮುರಿದ, ಹಸಿರು ಸಾರಿನಲ್ಲಿ ಅದ್ದಿದ, ನುಂಗಿದ. "ಈಗ ರುಚಿ ಬಂತು ನೋಡು" ಎಂದ.

ಅವಳು ಎದುರಿಗೆ ಕೂತು ಅವನು ಉಣ್ಣುವುದನ್ನೇ ನೋಡುತ್ತಿದ್ದಳು. ತಟ್ಟೆ ಬರಿದಾಯಿತು. ಉಣ್ಣುವವನ ತಟ್ಟೆ ಬರಿದಾದರೆ ಕೇಳುವ ಮಾತು ಅವಳ ಬಾಯಿಂದ ತಾನಾಗಿ ಬಂದೇಬಿಟ್ಟಿತು.

"ಇನ್ನೊಂದು ಇಡ್ಲೇನ್ರಿ?"