ಹಳೇ ನಂಬರ್ ಹದಿನೇಳು

ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕಿಲ್ಲ ಎನ್ನುವುದು ನಮ್ಮ ಯಜಮಾನರ ಮಾತು. ಒಂದು ಸಲ ಹೇಳಿ ಬಿಡುವ ಮಾತಲ್ಲ ಅದು. ಮದುವೆ ಮನೆಯಲ್ಲಿ ಹೇಳಿದ್ದಾರೆ, ಬಸ್ಸಿನಲ್ಲಿ ಹೇಳಿದ್ದಾರೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗಲೂ ಹೇಳಲು ನೋಡಿದ್ದಾರೆ. ನಾನು ಟೈಲರ್. ಎಷ್ಟೋ ಅಂಗಿ ಕೆಡಿಸಿದ್ದೇನೆ, ಕೆಡಿಸಿದ್ದನ್ನು ಒಪ್ಪಿಕೊಂಡು ಬಿಚ್ಚಿ ಮತ್ತೆ ಹೊಲಿದಿದ್ದೇನೆ. ತಪ್ಪೇ ಮಾಡದ ಪೋಸ್ಟ್‌ಮ್ಯಾನ್ ಜೊತೆ ನಲವತ್ತನಾಲ್ಕು ವರ್ಷ ಸಂಸಾರ ಮಾಡುವುದು ಎಂಥದೆಂದು ಮಾಡಿದವರಿಗೇ ಗೊತ್ತು. ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ, ಅವತ್ತು ಇದೆ ಇವರಿಗೆ ಎಂದು ಕಾದಿದ್ದೆ.

ಸಿಕ್ಕಿಬಿದ್ದದ್ದು ಸಮುದ್ರ ದಾಟಿ ಬಂದ ಮೇಲೆ, ಕ್ರಿಸ್‌ಮಸ್ಸಿಗೆ ಆರು ದಿನ ಇರುವಾಗ.

ನಮ್ಮ ಚರ್ಚಿನಲ್ಲಿ ನಿವೃತ್ತರಾದ ಗಂಡ ಹೆಂಡತಿಯನ್ನು ಒಂದೂವರೆ ವರ್ಷದ ಸೇವೆಗೆಂದು ಬೇರೆ ದೇಶಕ್ಕೆ ಕಳಿಸುವುದುಂಟು. ಮಕ್ಕಳು ಬೇಡವೆಂದರು, ಮೊಮ್ಮಗಳು ಅತ್ತಳು, ಸೊಸೆ ಏಳು ಜೊತೆ ಉಣ್ಣೆಯ ಕಾಲುಚೀಲ ತಂದುಕೊಟ್ಟು ಹಟಮಾರಿಗಳು ನೀವಿಬ್ಬರೂ ಎಂದಳು. ಬಂದೆವು. ಐದನೇ ಮಹಡಿಯಲ್ಲಿ ಎರಡು ಕೋಣೆ, ಮುಚ್ಚಿದರೆ ತೆರೆಯದ ಕಿಟಕಿ, ತೆರೆದರೆ ಮುಚ್ಚದ ಕಪಾಟು. ನಾನು ಹೇಗೋ ಹೊಂದಿಕೊಂಡೆ. ಸೂಜಿ ದಾರಕ್ಕೆ ಭಾಷೆ ಬೇಡ. ಇವರ ಕಥೆ ಬೇರೆ. ಅಲ್ಲಿಯ ಭಾಷೆ ನಾಲಿಗೆಗೆ ಹತ್ತಲಿಲ್ಲ. ಹುಡುಗು ವಯಸ್ಸಿನ ಮಿಷನರಿಗಳು ಬೀದಿಯಲ್ಲಿ ಹರಟೆ ಹೊಡೆದುಕೊಂಡು ಓಡಾಡುತ್ತಿದ್ದರೆ ಇವರು ಚರ್ಚಿನ ಹಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಮಾತೇ ನಿಂತುಹೋಯಿತು. ಒಂದು ಸಂಜೆ ಶೂ ಬಿಚ್ಚುತ್ತಾ, “ಸುಮ್ನೆ ಬಂದ್ವಿ ಕಣೇ. ಕುರ್ಚಿ ಹಾಕೋಕೆ ಇಷ್ಟು ದೂರದಿಂದ ಒಬ್ಬ ಮುದುಕ ಬರ್ಬೇಕಿತ್ತಾ?” ಎಂದರು. ಆ ಮೂವತ್ತೆಂಟು ವರ್ಷದ ಮಾತನ್ನೂ ಬಿಟ್ಟುಬಿಟ್ಟಿದ್ದರು. ನನಗೆ ನಿಜಕ್ಕೂ ಭಯವಾದದ್ದು ಆಗ.

ಪುಣ್ಯಕ್ಕೆ ಪಾಸ್ಟರ್ ಒಂದು ವಿಳಾಸ ಕೊಟ್ಟರು. ಮಂಡಿ ನೋವಿನಿಂದ ಚರ್ಚಿಗೆ ಬರಲಾಗದ ಒಬ್ಬ ಮುದುಕಿ, ಒಂಟಿ. ಪ್ರತಿ ಬುಧವಾರ ಹೋಗಿ ಮಾತಾಡಿಸಿ ಬನ್ನಿ ಎಂದರು. ಕೈಗೆ ವಿಳಾಸ ಬಂದದ್ದೇ ತಡ, ನಮ್ಮ ಯಜಮಾನರು ಎದ್ದು ಕೂತರು. ಶೂಗೆ ಪಾಲಿಶ್ ಆಯಿತು. ಹೋಗುವಾಗ ಕೊಡಲೆಂದು ಒಂದು ಕಾರ್ಡಿನ ಮೇಲೆ ಆಕೆಯ ಹೆಸರನ್ನು ಆ ಪರದೇಶದ ಲಿಪಿಯಲ್ಲಿ ಅಕ್ಷರ ಅಕ್ಷರವಾಗಿ ನೋಡಿ ಬರೆದರು. ಅಚ್ಚು ಹಾಕಿದ ಹಾಗಿತ್ತು.

ಆ ಬೀದಿಯ ಮನೆಗಳಿಗೆ ಎರಡೆರಡು ನಂಬರ್. ಗೋಡೆಯ ಮೇಲೆ ಮಾಸಿದ ನೀಲಿ ಬಣ್ಣದ್ದೊಂದು, ಬಾಗಿಲ ಮೇಲೆ ತಗಡಿನದೊಂದು. ಯಾರನ್ನಾದರೂ ಕೇಳೋಣ ಎಂದೆ. ಪೋಸ್ಟ್‌ಮ್ಯಾನೇ ದಾರಿ ಕೇಳಿದರೆ ಕಾಗದದ ಗತಿ ಏನು ಎಂದು ನನ್ನನ್ನೇ ಕೇಳಿದರು. ನಮ್ಮೂರಲ್ಲಿ ನಾಲ್ಕು ಸಲ ನಂಬರ್ ಬದಲಾಯಿಸಿದರಂತೆ, ಹೊಸ ನಂಬರ್ ಇರುವುದು ಸಾಹೇಬರಿಗೆ, ಹಳೇ ನಂಬರ್ ಇರುವುದು ಪೋಸ್ಟ್‌ಮ್ಯಾನ್‌ಗೆ, ಇದು ಲೋಕಕ್ಕೆಲ್ಲ ಒಂದೇ ಕಾನೂನಂತೆ. ಸೀದಾ ಹೋಗಿ ನೀಲಿ ಹದಿನೇಳರ ಬಾಗಿಲು ತಟ್ಟಿದರು.

ಬಾಗಿಲು ತೆರೆದ ಮುದುಕಿ ಕಾರ್ಡು ನೋಡಿದರು, ನಮ್ಮ ಮುಖ ನೋಡಿದರು, ಮತ್ತೆ ಕಾರ್ಡು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಒಳಗೆ ಕರೆದರು. ನಮ್ಮ ಚರ್ಚಿನಲ್ಲಿ ಎಲ್ಲರೂ ಎಲ್ಲರಿಗೂ ಸಿಸ್ಟರ್, ಬ್ರದರ್. ಹೆಸರು ಹಿಡಿದು ಕರೆಯುವ ಪ್ರಮೇಯವೇ ಬರಲಿಲ್ಲ. ನಮ್ಮಿಬ್ಬರ ನಡುವೆ ಮಾತ್ರ ಆಕೆಗೆ ಗುಂಡಿಯಮ್ಮ ಎಂದು ಹೆಸರಿಟ್ಟೆವು. ಆಕೆಯ ಹತ್ತಿರ ಒಂದು ದೊಡ್ಡ ಡಬ್ಬಿಯ ತುಂಬ ಹಳೇ ಅಂಗಿ ಗುಂಡಿಗಳಿದ್ದವು. ನಾವಿಬ್ಬರು ಹೆಂಗಸರು ಅವನ್ನು ಸುರಿದುಕೊಂಡು ಜೋಡಿ ಹುಡುಕುತ್ತಾ ಕೂರುತ್ತಿದ್ದೆವು. ಇವರು ಪಾಠದ ಪುಸ್ತಕ ತೆಗೆದು ಗಟ್ಟಿಯಾಗಿ ಓದಬೇಕು, ತಪ್ಪಿದರೆ ಗುಂಡಿಯಮ್ಮ ಚಮಚದಿಂದ ಮಂಡಿಗೆ ಒಂದು ಕೊಡುವರು. ಮೂರು ತಿಂಗಳಲ್ಲಿ ಹತ್ತದ ಭಾಷೆ ಆ ಚಮಚಕ್ಕೆ ಹತ್ತಿತು. ಬಾಗಿಲಿನಲ್ಲಿ ಕಾಗದ ಹಾಕುವ ಹಿತ್ತಾಳೆಯ ಕಿಂಡಿ ಕಿಲುಬು ಹಿಡಿದು ಬಿಗಿದುಹೋಗಿದ್ದನ್ನು ಇವರು ಎರಡನೇ ವಾರವೇ ನೋಡಿದರು. ಎಷ್ಟು ಕಾಲವಾಯಿತೋ ಇದರೊಳಗೆ ಒಂದು ಕಾಗದ ಬಿದ್ದು ಎಂದು ಮರುಗಿ, ಎಣ್ಣೆ ಹಾಕಿ ಸಡಿಲ ಮಾಡಿದರು. ಹೀಗೆ ಆರು ಬುಧವಾರ, ಆರು ಕಾರ್ಡು. ಸೋಮವಾರದಿಂದಲೇ ಇವರ ಸಡಗರ ಶುರು. ಮೂವತ್ತೆಂಟು ವರ್ಷದ ಮಾತು ವಾಪಸ್ ಬಂತು. ಬರಲಿ ಬಿಡು, ಮನುಷ್ಯ ಉಳಿದರಲ್ಲ ಎಂದು ನಾನೂ ಹಿಗ್ಗಿದೆ.

ಆರನೆಯ ಸಲ ಹೋದಾಗ ಗುಂಡಿಯಮ್ಮ ತಮ್ಮ ಕೋಟಿನ ತೋಳು ಗಿಡ್ಡ ಮಾಡಿಕೊಡಲು ಕೊಟ್ಟರು. ಮರುದಿನ ಬಿಚ್ಚುತ್ತಾ ಕೂತಿದ್ದೆ. ಕಾಲರಿನ ಒಳಗೆ ಒಂದು ಬಟ್ಟೆಯ ಪಟ್ಟಿ, ಅದರ ಮೇಲೆ ದಾರದಲ್ಲಿ ಹೆಸರು. ಅಕ್ಷರ ಕೂಡಿಸಿ ಓದಿದೆ. ಕಾರ್ಡಿನ ಮೇಲಿನ ಹೆಸರಲ್ಲ. ಯಾರೋ ತೊಟ್ಟುಬಿಟ್ಟ ಕೋಟಿರಬೇಕು ಎಂದುಕೊಳ್ಳುವಷ್ಟರಲ್ಲಿ ಫೋನು. ಇವರು ಸ್ನಾನಕ್ಕೆ ಹೋಗಿದ್ದರು. ಪಾಸ್ಟರ್ ಬಹಳ ಸಂಕೋಚದಿಂದ, ಹದಿನೇಳನೇ ನಂಬರಿನ ಸಿಸ್ಟರ್ ಆರು ವಾರದಿಂದ ಕಾಯುತ್ತಿದ್ದಾರಂತೆ, ಯಾರೂ ಬಂದಿಲ್ಲವಂತೆ, ಹಬ್ಬದ ಊಟಕ್ಕಾದರೂ ಅವರನ್ನು ಕರೆತರುತ್ತೀರಾ ಎಂದರು.

ನೋಡಿ, ನಲವತ್ತನಾಲ್ಕು ವರ್ಷ ಕಾದ ಗಳಿಗೆ ಕೈಗೆ ಬಂದಿತ್ತು, ನನಗೆ ಅಳು ಬಂತು. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳಿದರೆ ಇವರು ಮತ್ತೆ ಕುರ್ಚಿ ಜೋಡಿಸುವ ಮುದುಕನಾಗುತ್ತಾರೆ, ಈ ಸಲ ಏಳುವುದಿಲ್ಲ. ಹೇಳದಿದ್ದರೆ ಅಲ್ಲೊಂದು ಜೀವ ಬಾಗಿಲು ನೋಡುತ್ತಾ ಕೂತಿದೆ. ನಾನೊಬ್ಬಳೇ ಹೋಗಿಬರೋಣವೆಂದರೆ ಮಿಷನರಿಗಳು ಜೋಡಿಯಾಗಿಯೇ ಹೋಗಬೇಕೆಂಬ ನಿಯಮ. ಮೂರು ದಿನ ತಡೆದೆ. ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ನಾಲ್ಕನೇ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಕೋಟು ತಂದು ಇವರ ತೊಡೆಯ ಮೇಲಿಟ್ಟು ಎಲ್ಲ ಹೇಳಿದೆ.

ಇವರು ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲಿನ ಹೆಸರನ್ನು ಬೆರಳಿಟ್ಟು ಓದಿದರು. ಪಾಸ್ಟರ್ ಕೊಟ್ಟ ಚೀಟಿ ತೆಗೆದು ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿದರು.

“ಆರು ಕಾಗದ,” ಎಂದರು. ಚೀಟಿ ಮಡಿಸಿ ಜೇಬಿಗೆ ಹಾಕಿ, “ಮನೆಗೆ ಹೋಗ್ಬಿಡೋಣ ಕಣೇ,” ಎಂದರು.

“ಯಾವ ಮನೆಗೆ?”

“ನಮ್ಮನೆಗೆ. ಗೊತ್ತಿದ್ದದ್ದು ಅದೊಂದು ಕೆಲ್ಸ. ಅದೂ ಹೋಯ್ತು.”

ನನಗೆ ಸಿಟ್ಟು ನೆತ್ತಿಗೇರಿತು. ಸಂಕಟಕ್ಕೇ ಬಂದ ಸಿಟ್ಟು. “ನಾನು ಎಷ್ಟು ಅಂಗಿ ಕೆಡ್ಸಿದೀನಿ, ಒಂದು ದಿನ ಅಂಗಡಿ ಮುಚ್ಚಿದ್ದು ನೋಡಿದೀರಾ? ತಪ್ಪು ಮನೆಗೆ ಬಿದ್ದ ಕಾಗದಾನ ನಿಮ್ಮ ಪೋಸ್ಟಾಫೀಸಲ್ಲಿ ಏನ್ ಮಾಡ್ತಾರ್ರೀ?”

“ವಾಪಸ್ ಇಸ್ಕೊಂಡು ಸರಿಯಾದ ಮನೆಗೆ ಕೊಡ್ತಾರೆ,” ಎಂದರು ನೆಲ ನೋಡುತ್ತಾ.

“ಮತ್ತೆ? ಏಳಿ.”

ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಾ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದರು. ಗುಂಡಿಯಮ್ಮ ಬಾಗಿಲು ತೆರೆದಾಗ ಟೋಪಿ ಕೈಯಲ್ಲಿ ಹಿಡಿದು ಒಪ್ಪಿಸಿದರು. ತಪ್ಪು ಮನೆ, ತಪ್ಪು ಹೆಸರು, ಆ ಕಾರ್ಡುಗಳು ವಾಪಸ್ ಬೇಕು. ಒಂದು ಅಕ್ಷರವೂ ತಪ್ಪಲಿಲ್ಲ, ಚಮಚಕ್ಕೆ ಕೆಲಸವೇ ಇರಲಿಲ್ಲ. ಗುಂಡಿಯಮ್ಮ ಒಳಗೆ ಹೋಗಿ ಗುಂಡಿಯ ಡಬ್ಬಿ ತಂದರು. ತಳದಿಂದ ಆರೂ ಕಾರ್ಡು ಹೊರಬಂದವು, ದಾರ ಕಟ್ಟಿ ಜೋಪಾನವಾಗಿ ಇಟ್ಟಿದ್ದರು.

ನಮಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಹೇಳಿದರು. “ಇದು ನನ್ನ ಹೆಸರಲ್ಲ. ಮೊದಲ್ನೇ ದಿನಾನೇ ಓದಿದೆ. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಆಮೇಲೆ ಅದರ ಮುಂದಿನ ವಾರ. ಹೇಳಿದ್ರೆ ನೀವು ಬರ್ತಿರ್ಲಿಲ್ಲ.”

ನಾನು ತಂದಿದ್ದ ಗಂಟು ಬಿಚ್ಚಿದೆ. ಕೋಟು ತೊಡಿಸಿದೆ. ತೋಳು ಸರಿಯಾಗಿ ಕೂತಿತ್ತು. ಆಕೆ ಇವರ ಕೈ ಹಿಡಿದುಕೊಂಡು ಬೀದಿಯ ಆ ತುದಿಗೆ ನಮ್ಮನ್ನು ನಡೆಸಿಕೊಂಡು ಹೋದರು. ತಗಡಿನ ಹದಿನೇಳು ಅಲ್ಲಿತ್ತು. ಐವತ್ತು ವರ್ಷ ಒಂದೇ ಬೀದಿಯಲ್ಲಿದ್ದೂ ಆ ಮನೆಯವರ ಜೊತೆ ಮಾತಿರಲಿಲ್ಲವಂತೆ. ಬಾಗಿಲು ತಟ್ಟಿದ್ದೂ ಗುಂಡಿಯಮ್ಮನವರೇ. ಕೋಲು ಊರಿಕೊಂಡು ಬಂದ ಮುದುಕಿಯ ಕೈಗೆ ಕಾರ್ಡಿನ ಕಟ್ಟು ಕೊಟ್ಟು, ನಿಮ್ಮ ಟಪಾಲು ನಮ್ಮ ಮನೆಗೆ ಬಂದಿತ್ತು, ತಂದುಕೊಡುವುದು ತಡವಾಯಿತು ಎಂದರು. ಕೋಲಿನವರು ಆರನ್ನೂ ಒಂದೊಂದಾಗಿ ಓದಿ, ಆರು ವಾರ ಕಾದೆ ಎಂದು ಮುಖ ಗಂಟಿಕ್ಕಿದರು. ಆಗ ಇವರು ಮುಂದೆ ಬಂದು, “ತಪ್ಪು ನಂದು,” ಎಂದರು. ನಲವತ್ತನಾಲ್ಕು ವರ್ಷದಲ್ಲಿ ನಮ್ಮ ಭಾಷೆಯಲ್ಲಿ ಒಂದು ಸಲವೂ ಕೇಳದ ಮಾತನ್ನು ಪರಭಾಷೆಯಲ್ಲಿ ಕೇಳಿದೆ. ಕೋಲಿನವರ ಗಂಟು ಸ್ವಲ್ಪ ಸಡಿಲವಾಯಿತು, ಒಳಗೆ ಕೂರಿಸಿ ಚಹಾ ಕೊಟ್ಟರು. ಚರ್ಚಿನ ಹಬ್ಬದ ಊಟಕ್ಕೆ ಇಬ್ಬರನ್ನೂ ಕರೆದು ಬಂದೆವು.

ಸಂಜೆ ಇವರು ನನ್ನನ್ನು ಕೂರಿಸಿಕೊಂಡು ಕಾಲರಿನ ಪಟ್ಟಿಯಲ್ಲಿದ್ದ ಅಕ್ಷರಗಳನ್ನು ಒಂದೊಂದಾಗಿ ನೆನಪಿಸಿಕೊಂಡರು. ಹೊಸ ಕಾರ್ಡು ತೆಗೆದು, ನಾಲ್ಕು ಸಲ ಬೇರೆ ಹಾಳೆಯಲ್ಲಿ ಬರೆದು ನೋಡಿ, ಐದನೆಯ ಸಲ ಕಾರ್ಡಿನ ಮೇಲೆ ಬರೆದರು.

ಹಬ್ಬದ ಬೆಳಿಗ್ಗೆ ಗುಂಡಿಯಮ್ಮ ಕೋಟು ತೊಟ್ಟು ಸಿದ್ಧವಾಗಿದ್ದರು. ಇವರು ಕಾರ್ಡು ಚಾಚಿದರು. ಆಕೆ ಮೇಲಿನ ಹೆಸರನ್ನು ನೋಡಿದರು, ಆದರೆ ಕೈ ನೀಡಲಿಲ್ಲ. ಹಿತ್ತಾಳೆಯ ಕಿಂಡಿಯತ್ತ ಬೆರಳು ತೋರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡುಬಿಟ್ಟರು.

ನಾನು ಕಕ್ಕಾಬಿಕ್ಕಿಯಾದೆ. ಇವರಿಗೆ ಅರ್ಥವಾಯಿತು. ಟೋಪಿ ನೆಟ್ಟಗೆ ಮಾಡಿಕೊಂಡು, ಬಾಗಿಲ ಮೇಲಿನ ತಗಡಿನ ನಂಬರನ್ನು ತಲೆಯೆತ್ತಿ ಓದಿ, ಕಾರ್ಡಿನ ಮೇಲಿನ ಹೆಸರನ್ನೊಮ್ಮೆ ಓದಿ, ಕಿಂಡಿಯೊಳಗೆ ಹಾಕಿದರು. ಎಣ್ಣೆ ಕುಡಿದ ಹಿತ್ತಾಳೆ ಸದ್ದಿಲ್ಲದೆ ತೆರೆದು ಮುಚ್ಚಿಕೊಂಡಿತು. ಒಳಗೆ ಕಾರ್ಡು ನೆಲಕ್ಕೆ ಬಿದ್ದದ್ದು ಕೇಳಿಸಿತು, ಎತ್ತಿಕೊಂಡದ್ದೂ ಕೇಳಿಸಿತು. ಆಮೇಲೆ ಗುಂಡಿಯಮ್ಮ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಓದಿಕೊಂಡರು, ಎರಡು ಸಲ. ಇವರು ಕೈಗವಸಿನಿಂದ ಕಣ್ಣು ಒರೆಸಿಕೊಂಡು ಬಾಗಿಲು ತೆರೆಯುವುದನ್ನೇ ಕಾಯುತ್ತಾ ನಿಂತರು.