ಐದನೇ ಮನೆಯ ಮೀಟರು

ಹನ್ನೆರಡು ಬಾಡಿಗೆ ಮನೆಗಳ ಈ ಕಟ್ಟಡದಲ್ಲಿ ಒಂದು ಹನಿ ನೀರೂ ನನ್ನ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಬೇರೆ ಕಡೆಯ ಕಾವಲುಗಾರರು ತಿಂಗಳಿಗೊಮ್ಮೆ ಮೀಟರು ನೋಡಿ ಕೈ ತೊಳೆದುಕೊಳ್ಳುತ್ತಾರೆ. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೆಟ್ಟಿಲ ಕೆಳಗೆ ಕೂತು ಹನ್ನೆರಡನ್ನೂ ಬರೆದಿಡುತ್ತೇನೆ. ಬಾಡಿಗೆಯವರು ಬೆನ್ನ ಹಿಂದೆ ನನ್ನನ್ನು 'ಹನಿರಾಯ' ಅನ್ನುತ್ತಾರೆ. ಅನ್ನಲಿ, ನನಗೇನು.

ಐದನೇ ಮನೆಯ ಸೇಲ್ಸ್ ಮ್ಯಾನೇಜರು ಬೆಣ್ಣೆಯಂಥ ಮಾತಿನ ಮನುಷ್ಯ. ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಹೇಳಿ ತಿಂಗಳಾಗಿತ್ತು. ಬೆಳಿಗ್ಗೆ ಬೀಗ ಹಾಕಿ ಹೊರಟರೆ ಸಂಜೆಯೇ ಬರುವುದು. ಆದರೂ ಹಗಲು ಹೊತ್ತು ಅವರ ಮೀಟರು ಒಂದೆರಡು ಬಕೆಟ್ಟಿನಷ್ಟು ಓಡುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಅಷ್ಟೇ ಹೊಳೆದದ್ದು. ಬೀಗುತ್ತಾ ಹೋಗಿ ಅವರಿಗೇ ಹೇಳಿದೆ.

"ಸಾರ್, ನೀವಿಲ್ಲದಾಗ ನಿಮ್ಮನೇಲಿ ನೀರು ಹೋಗ್ತಾ ಇದೆ."

ಅವರ ಮುಖ ಬಿಳಿಚಿಕೊಂಡಿತು. ಬಿಲ್ಲಿನ ಭಯ ಅಂದುಕೊಂಡೆ.

"ಹೌದಾ? ಹೇಳಿದ್ದು ಒಳ್ಳೇದಾಯ್ತು. ನಾಳೆಯಿಂದ ಐದು ದಿನ ನಾನು ಊರಲ್ಲಿರಲ್ಲ. ವಾಲ್ವು ಬಂದ್ ಮಾಡಿಬಿಡಿ, ಬಂದ್ಮೇಲೆ ಪ್ಲಂಬರ್ ಕರೆಸೋಣ."

ಮರುದಿನ ಅವರು ಹೊರಟ ಕೂಡಲೇ ವಾಲ್ವನ್ನು ಬಿಗಿಯಾಗಿ ತಿರುಗಿಸಿದೆ. ಮೀಟರಿನ ಮುಳ್ಳು ನಿಂತಿತು. ಸಂಜೆ ಆರನೇ ಮನೆಯ ಅಜ್ಜಿ ಕೆಳಗಿಳಿದು ಬಂದರು.

"ಪಕ್ಕದ ಗೋಡೆ ಯಾರೋ ತಟ್ತಾರಪ್ಪಾ."

"ಪೈಪಲ್ಲಿ ಗಾಳಿ ಸೇರ್ಕೊಂಡಿರುತ್ತೆ ಅಜ್ಜಿ, ಹಂಗೇ ಸದ್ದು ಬರುತ್ತೆ."

ಮರುದಿನವೂ ಅಜ್ಜಿ ಅದನ್ನೇ ಹೇಳಿದರು. ಮೂರನೆಯ ದಿನ ಏನೂ ಹೇಳಲಿಲ್ಲ. ನೋಡಿದ್ರಾ, ಗಾಳಿ ಹೋಯ್ತು ಎಂದು ನಾನೇ ಕರೆದು ಹೇಳಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಐದನೇ ಮನೆಯಾಕೆಯ ತಮ್ಮ ಬಂದ.

"ಅಣ್ಣಾ, ಒಂದು ತಿಂಗಳಿಂದ ಅಕ್ಕ ಫೋನೇ ಎತ್ತುತ್ತಿಲ್ಲ. ಕೇಳಿದ್ರೆ ಭಾವ ಏನೇನೋ ನೆಪ ಹೇಳ್ತಾರೆ."

"ತವರಿಗೆ ಬಂದಿದಾರಲ್ಲಪ್ಪಾ?"

"ಯಾರು ಹೇಳಿದ್ದು? ಬಂದೇ ಇಲ್ಲ!"

ಏನೂ ಸೋರುತ್ತಿರಲಿಲ್ಲ. ಆಕೆ ಒಳಗೇ ಇದ್ದಳು. ಬೀಗದ ಹಿಂದೆ ಆ ಒಂದೆರಡು ಬಕೆಟ್ಟಿನಲ್ಲೇ ಬದುಕಿದ್ದಳು. ನಾನು ಅದನ್ನು ಪತ್ತೆ ಹಚ್ಚಿ ಗಂಡನಿಗೆ ಚಾಡಿ ಹೇಳಿದ್ದೆ.

ತಮ್ಮ ಕಬ್ಬಿಣದ ಸರಳು ಹಿಡಿದು ಮೇಲೆ ಓಡಿದ. ನಾನು ವಾಲ್ವು ತೆರೆದೆ. ಮುಳ್ಳು ಒಮ್ಮೆಲೇ ಗಿರ್ರನೆ ತಿರುಗಿತು. ಆಕೆ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ನೀರಿಗೆ ಕಾದಿದ್ದಳು. ಈಗ ನಿಲ್ಲಿಸುತ್ತಾಳೆ, ಈಗ ನಿಲ್ಲಿಸುತ್ತಾಳೆ ಎಂದು ನೋಡುತ್ತಾ ಕೂತೆ. ಮೇಲೆ ಬೀಗ ಮುರಿದ ಸದ್ದಾಯಿತು. ಮುಳ್ಳು ತಿರುಗುತ್ತಲೇ ಇತ್ತು.